‘ಚಲೋ ಐತ್ರಿ’ ಅಂದಿದ್ದೆ

ಆ ಬೋರಿಂಗಿಗೆ ಜಾಗ ತೋರಿಸಿದವನು ನಾನೇ. ರೋಣ ತಾಲೂಕಿನ ಎರಿ ಸೀಮೆಯ ಒಂದು ಊರು, 1988ರ ಬೇಸಿಗೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಹೆಣ್ಣುಮಕ್ಕಳಿಗೆ ವರ ಬಂದಾಗ ಇವತ್ತಿಗೂ ಹಲ್ಲಿನ ಮಾತು ಏಳುತ್ತದೆ. ಅದರ ಮೇಲೆ ನನ್ನ ಬರಹದ ಭಾರ ಬೀಳುವುದು ಬೇಡ.

ನೌಕರಿಗೆ ಸೇರಿ ಎರಡು ವರ್ಷವಾಗಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿ ಬಂದ ಹುಮ್ಮಸ್ಸು ಇನ್ನೂ ಆರಿರಲಿಲ್ಲ. ನೆಲಕ್ಕೆ ನಾಲ್ಕು ಕಬ್ಬಿಣದ ಗೂಟ ಬಡಿದು, ವೈರು ಎಳೆದು, ಕರೆಂಟು ಹಾಯಿಸಿ, ಒಳಗಿನ ಕಲ್ಲು ಎಷ್ಟು ತಡೆಯುತ್ತದೆ ಎಂದು ಅಳೆಯುವ ಪೆಟ್ಟಿಗೆ ನನ್ನ ಜೊತೆಗಿತ್ತು. ಗುಡಿಯ ಹಿಂದೆ, ಬೇವಿನ ಗಿಡದಿಂದ ಹದಿನೆಂಟು ಹೆಜ್ಜೆ ದೂರ ಸುಣ್ಣದಲ್ಲಿ ಗುರುತು ಹಾಕಿದೆ. ಮಷಿನು ಧೂಳು ಉಗುಳುತ್ತ ಇಳಿಯಿತು. ಮೊದಲು ಕರಿ ಮಣ್ಣು, ಆಮೇಲೆ ಸುಣ್ಣದ ಗರಸು, ಅದರ ಕೆಳಗೆ ಪುಡಿಯಾದ ಕಲ್ಲು, ಆಮೇಲೆ ಗಟ್ಟಿ ಕಲ್ಲು. 180 ಅಡಿಗೆ ಧೂಳು ಕೆಸರಾಯಿತು, ಕೆಸರು ನೀರಾಯಿತು. ಊರವರು ಕಾಯಿ ಒಡೆದರು. ಹಿರಿಯರೊಬ್ಬರು ನನ್ನ ಹೆಗಲಿಗೆ ಟಾವೆಲ್ ಹೊದಿಸಿದರು.

ಕೈಪಂಪು ಕೂರಿಸಿದ ಮೇಲೆ ಹೆಂಗಸರು ತಮ್ಮದೇ ಪರೀಕ್ಷೆ ಮಾಡಿದರು. ಆ ನೀರಿನಲ್ಲಿ ತೊಗರಿ ಬೇಳೆ ಬೇಯಿಸಿದರು, ಅರಿವೆ ಒಗೆದರು. ಎರಿ ಸೀಮೆಯ ಬಾವಿಗಳ ನೀರು ಹೆಚ್ಚಿನಂಶ ಉಪ್ಪು, ಗಡಸು. ಅದರಲ್ಲಿ ಬೇಳೆ ಎಷ್ಟು ಕುದಿಸಿದರೂ ಕಾಳಾಗಿಯೇ ಉಳಿಯುತ್ತದೆ, ಸಾಬೂನು ಮೊಸರೊಡೆದಂತೆ ಗಂಟಾಗುತ್ತದೆ. ಅಡುಗೆಗೆಂದೇ ಕೆರೆಯ ನೀರು ಹೊತ್ತು ತರುವ ರೂಢಿ ಇಲ್ಲಿ ಬೆಳೆದದ್ದು ಅದಕ್ಕೇ. ಈ ಹೊಸ ನೀರಿನಲ್ಲಿ ಬೇಳೆ ಒಂದೇ ಕುದಿಗೆ ಕರಗಿತು. ‘ಬೆಣ್ಣಿ ಆದಂಗ ಆತ್ರಿ ಸಾಹೇಬ್ರ’ ಎಂದು ಒಬ್ಬಾಕೆ ಬಂದು ಹೇಳಿದಳು. ಸರಕಾರದ ಯಾವ ಪ್ರಶಸ್ತಿಯೂ ನನಗೆ ಆ ಮಾತಿನಷ್ಟು ಹಿತವಾಗುತ್ತಿರಲಿಲ್ಲ.

ಬೇಳೆ ಬೇಯಿಸುವ ಆ ಗುಣವೇ ಎಚ್ಚರಿಕೆಯ ಗಂಟೆಯಾಗಿತ್ತು ಎಂದು ಈಗ ನನಗೆ ಗೊತ್ತು. ಆಗಲೂ ಗೊತ್ತಿರಬೇಕಿತ್ತು. ಪುಸ್ತಕದಲ್ಲಿ ಓದಿದ್ದೆ. ಆದರೆ ಪುಸ್ತಕದ ಮಾತು ಮತ್ತು ಒಲೆಯ ಮೇಲಿನ ಪಾತ್ರೆ ಒಂದೇ ಸಂಗತಿಯನ್ನು ಹೇಳುತ್ತಿವೆ ಎಂದು ಹೊಳೆಯಲಿಲ್ಲ. ಗ್ರಾನೈಟು, ನೈಸ್ ಕಲ್ಲುಗಳ ಒಳಗೆ ಫ್ಲೋರೈಡ್ ಇರುವ ಖನಿಜಗಳು ಇರುತ್ತವೆ. ನೀರು ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತರೆ ಅದು ಸ್ವಲ್ಪ ಸ್ವಲ್ಪ ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ, ಏರಲು ಬಿಡುವುದಿಲ್ಲ. ಆದರೆ ಎರಿ ಮಣ್ಣಿನ ಜೇಡಿಗೆ ಒಂದು ಗುಣವಿದೆ. ತನ್ನ ಮೂಲಕ ಇಳಿಯುವ ನೀರಿನ ಕ್ಯಾಲ್ಸಿಯಂ ತಾನು ಇಟ್ಟುಕೊಂಡು ಬದಲಿಗೆ ಸೋಡಿಯಂ ಕೊಟ್ಟು ಕಳಿಸುತ್ತದೆ. ಕ್ಯಾಲ್ಸಿಯಂ ಹೋದರೆ ನೀರು ಮೆತ್ತಗಾಗುತ್ತದೆ, ಬೇಳೆ ಬೇಯುತ್ತದೆ, ನೊರೆ ಏಳುತ್ತದೆ. ಮತ್ತು ಫ್ಲೋರೈಡಿಗೆ ಕಾವಲು ತಪ್ಪುತ್ತದೆ.

ಆ ನೀರಿಗೆ ನಾನು ಫ್ಲೋರೈಡ್ ಪರೀಕ್ಷೆ ಮಾಡಿದ್ದು ಮೂರು ವರ್ಷ ಕಳೆದ ಮೇಲೆ, 1991ರಲ್ಲಿ. ಅಲ್ಲಿಯತನಕ ಉಪ್ಪು ನೋಡಿದ್ದೆವು, ಗಡಸು ನೋಡಿದ್ದೆವು, ಇಳುವರಿ ನೋಡಿದ್ದೆವು. ಆ ವರ್ಷ ಕಚೇರಿಗೆ ಹೊಸ ಪರೀಕ್ಷಾ ಪೆಟ್ಟಿಗೆ ಬಂದಿತ್ತು. ಗಾಜಿನ ಕೊಳವೆಯಲ್ಲಿ ನೀರು ತುಂಬಿ ಗುಲಾಬಿ ಬಣ್ಣದ ದ್ರಾವಣ ಹನಿಸಬೇಕು. ಫ್ಲೋರೈಡ್ ಇಲ್ಲದಿದ್ದರೆ ಗುಲಾಬಿ ಹಾಗೆಯೇ ಉಳಿಯುತ್ತದೆ, ಹೆಚ್ಚಿದಂತೆಲ್ಲ ಹಳದಿಗೆ ಇಳಿಯುತ್ತದೆ. ಗುಡಿಯ ಕಟ್ಟೆಯ ಮೇಲೆ ಕೂತು ಹನಿ ಬಿಟ್ಟೆ. ಗುಲಾಬಿ ನಿಲ್ಲಲೇ ಇಲ್ಲ. ಕಣ್ಣೆದುರಿಗೇ ಹಳದಿಯಾಯಿತು. ಪೆಟ್ಟಿಗೆಯಲ್ಲಿದ್ದ ಬಣ್ಣದ ಪಟ್ಟಿಗೆ ಹಿಡಿದು ನೋಡಿದರೆ ಲೀಟರಿಗೆ 3 ಮಿಲಿಗ್ರಾಂ ದಾಟಿತ್ತು. ಇನ್ನೊಮ್ಮೆ ಮಾಡಿದೆ. ಅದೇ ಹಳದಿ. ಭಾರತೀಯ ಮಾನಕದ ಪ್ರಕಾರ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಸಹಿಸಬಹುದು. ಇದು ಅದರ ಎರಡು ಪಟ್ಟು.

ಸುತ್ತ ಏಳೆಂಟು ಮಕ್ಕಳು ನಿಂತು ನೋಡುತ್ತಿದ್ದರು. ಬಣ್ಣ ಬದಲಾದದ್ದು ಅವರಿಗೆ ಜಾದೂ ಆಗಿ ಕಂಡಿತ್ತು. ನಕ್ಕರು. ಆ ವಯಸ್ಸಿನಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಹುಟ್ಟುವ ಸಮಯ. ಎಂಟು ವರ್ಷದ ಒಳಗೆ, ಹಲ್ಲು ದವಡೆಯ ಒಳಗೇ ರೂಪುಗೊಳ್ಳುವಾಗ, ಈ ನೀರು ಕುಡಿದರೆ ಹಲ್ಲಿನ ಮೇಲಿನ ಹೊಳಪು ಕೆಡುತ್ತದೆ. ಮೊದಲು ಸುಣ್ಣದ ಗೆರೆ, ಆಮೇಲೆ ಹಳದಿ, ಕಂದು. ಯಾವ ಇದ್ದಿಲು, ಯಾವ ಪೇಸ್ಟು ಉಜ್ಜಿದರೂ ಹೋಗುವುದಿಲ್ಲ. ಇನ್ನೂ ಇಪ್ಪತ್ತು ವರ್ಷ ಕುಡಿದರೆ ಕೀಲು ಹಿಡಿಯುತ್ತದೆ, ಬೆನ್ನು ಬಾಗುತ್ತದೆ. ಇದೆಲ್ಲ ಆಗ ಹೊಸದಾಗಿ ಕಂಡುಹಿಡಿದ ವಿಷಯವೂ ಅಲ್ಲ. ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಸೀಮೆಯಲ್ಲಿ ಈ ಬೇನೆಯನ್ನು ವೈದ್ಯರು ಗುರುತಿಸಿ ಬರೆದದ್ದು 1937ರಲ್ಲಿ. ನಾನು ಹುಟ್ಟುವ ಎಷ್ಟೋ ವರ್ಷ ಮೊದಲು.

ಕೊಳವೆ ತೊಳೆದು ಪೆಟ್ಟಿಗೆಯಲ್ಲಿಡುವಾಗ ಆ ಟಾವೆಲ್ ಹೊದಿಸಿದ ಅಜ್ಜ ಬಂದರು. ‘ನೀರ ಹೆಂಗೈತ್ರಿ ಸಾಹೇಬ್ರ?’ ಎಂದರು.

‘ಚಲೋ ಐತ್ರಿ ಅಜ್ಜಾರ’ ಎಂದೆ.

ಈ ಬರಹ ಬರೆಯುತ್ತಿರುವುದು ಆ ಮೂರು ಮಾತಿಗಾಗಿ.

ಯಾಕೆ ಹಾಗೆಂದೆ ಎಂದು ಮೂವತ್ತು ವರ್ಷ ನನಗೆ ನಾನೇ ಕಾರಣ ಕೊಟ್ಟುಕೊಂಡಿದ್ದೇನೆ. ಅದರಲ್ಲಿ ಕೆಲವು ನಿಜವೂ ಹೌದು. ಈ ಬೋರಿಂಗುಗಳು ಬರುವ ಮೊದಲು ಜನ ಕೆರೆಗೆ, ಮೆಟ್ಟಿಲ ಬಾವಿಗೆ ಇಳಿದು ನೀರು ತುಂಬುತ್ತಿದ್ದರು. ಅದರಿಂದ ನಾರುಹುಣ್ಣು ಆಗುತ್ತಿತ್ತು. ಕಾಲಿನಿಂದ ಬಿಳಿ ದಾರದಂಥ ಹುಳ ಹೊರಬರುವುದನ್ನು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುವುದನ್ನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲೇ ನೋಡಿದ್ದೇನೆ. 2000ದಲ್ಲಿ ಭಾರತ ಆ ಹುಳದಿಂದ ಮುಕ್ತವಾಯಿತೆಂದು ಘೋಷಣೆಯಾದಾಗ ಅದರಲ್ಲಿ ಕೈಪಂಪುಗಳ ಪಾಲೂ ಇತ್ತು. ‘ಈ ನೀರು ಬೇಡ’ ಅಂದರೆ ಜನ ಮತ್ತೆ ಕೆರೆಗೆ ಹೋಗುತ್ತಾರೆ ಎಂಬ ಅಂಜಿಕೆ ನನಗೆ ನಿಜವಾಗಿ ಇತ್ತು.

ಆದರೆ ಅಜ್ಜ ಕೇಳಿದ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ನಾರುಹುಣ್ಣು ಇರಲಿಲ್ಲ. ಇದ್ದದ್ದು ನನ್ನ ಪಾಯಿಂಟು. ನಾನು ತೋರಿಸಿದ ಜಾಗ ತಪ್ಪು ಎಂದು ಊರಿನೆದುರು ಒಪ್ಪಬೇಕಾಗುತ್ತದಲ್ಲ ಎಂಬ ಸಂಕೋಚ. ಆ ಹೊದಿಸಿದ ಟಾವೆಲ್ ಮನೆಯಲ್ಲಿ ಮಡಚಿಟ್ಟಿತ್ತು. ಕಚೇರಿಗೆ ಬಂದು ವರದಿ ಬರೆದೆ: ‘ಫ್ಲೋರೈಡ್ ಅಂಶ ಮಿತಿಗಿಂತ ಹೆಚ್ಚು ಕಂಡುಬಂದಿದ್ದು ಪರ್ಯಾಯ ಜಲಮೂಲ ಪರಿಶೀಲಿಸಬಹುದು.’ ವಾಕ್ಯ ಸರಿಯಾಗಿತ್ತು. ಮೇಲಿನವರು ರುಜು ಹಾಕಿದರು, ಕಡತ ಕಪಾಟು ಸೇರಿತು. ಅಪಾಯದ ಕೈಪಂಪಿಗೆ ಕೆಂಪು ಬಣ್ಣ ಬಳಿಯಬೇಕೆಂಬುದು ತಿಳಿದಿತ್ತು. ಬಣ್ಣದ ಡಬ್ಬಿಗೆ ಎಷ್ಟು ಖರ್ಚು? ನನ್ನ ಜೇಬಿನಿಂದಲೇ ತಂದು ಬಳಿಯಬಹುದಿತ್ತು. ಆ ಬೋರಿಂಗು ಇನ್ನೂ ಹನ್ನೊಂದು ವರ್ಷ ನೀರು ಕೊಟ್ಟಿತು.

ಬಾಂಗ್ಲಾದೇಶದ ಒಂದು ಸಂಗತಿಯನ್ನು ನಾನು ತುಂಬ ಸಲ ನೆನೆಯುತ್ತೇನೆ. ಅಲ್ಲಿ 1970ರ ದಶಕದಿಂದ ವಾಂತಿಭೇದಿ ತಪ್ಪಿಸಲೆಂದು ಲಕ್ಷಗಟ್ಟಲೆ ಕೊಳವೆಬಾವಿ ಕೊರೆದರು. ಮಕ್ಕಳು ಬದುಕಿದರು. ಆಮೇಲೆ ಆ ನೀರಿನಲ್ಲಿ ಆರ್ಸೆನಿಕ್ ಇದೆ ಎಂದು ತಿಳಿಯಿತು. ಬ್ರಿಟಿಷ್ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅಲ್ಲಿಯ ಅಂತರ್ಜಲದ ಬಗ್ಗೆ 1992ರಲ್ಲಿ ಕೊಟ್ಟ ವರದಿಯಲ್ಲಿ ಹಲವು ಧಾತುಗಳನ್ನು ಅಳೆದಿದ್ದರು, ಆರ್ಸೆನಿಕ್ ಅಳೆದಿರಲಿಲ್ಲ. ನೀರು ಕುಡಿದು ಕಾಯಿಲೆ ಬಿದ್ದವರೊಬ್ಬರು ಬ್ರಿಟನ್ನಿನ ನ್ಯಾಯಾಲಯಕ್ಕೆ ಹೋದರು. 2006ರಲ್ಲಿ ಅಲ್ಲಿಯ ಹೌಸ್ ಆಫ್ ಲಾರ್ಡ್ಸ್, ವರದಿ ಬರೆದವರು ಆ ಜನರಿಗೆ ಹೊಣೆಗಾರರಲ್ಲ ಎಂದು ತೀರ್ಪು ಕೊಟ್ಟಿತು. ಮೊದಲ ಸಲ ಅದನ್ನು ಓದಿದಾಗ ನನಗೆ ಒಂದು ನಿರಾಳವಾಯಿತು. ಮರುಕ್ಷಣವೇ ಆ ನಿರಾಳಕ್ಕೆ ನಾಚಿಕೆಯಾಯಿತು. ಅವರು ಅಳೆದಿರಲಿಲ್ಲ. ನಾನು ಅಳೆದಿದ್ದೆ. ಎರಡು ಸಲ.

ತೊಂಬತ್ತರ ದಶಕದ ನಡುವೆ ನನ್ನನ್ನು ನರಗುಂದದ ಕಡೆಗೆ ಹಾಕಿದರು. ಅಲ್ಲಿ ನೀರು ಹುಡುಕುವ ಕೆಲಸ ಅಲ್ಲ, ಕೆಟ್ಟ ಮಣ್ಣು ಸರಿ ಮಾಡುವ ಕೆಲಸದಲ್ಲಿ ಕೈಜೋಡಿಸುವುದು. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಈ ಎರಿ ಹೊಲಗಳಿಗೆ ಬಂದದ್ದು 1970ರ ದಶಕದಲ್ಲಿ. ಮಳೆಯನ್ನೇ ನಂಬಿ ಹಿಂಗಾರಿ ಜೋಳ, ಕಡಲೆ, ಹತ್ತಿ ಬೆಳೆಯುತ್ತಿದ್ದ ನೆಲ. ಎರಿ ಮಣ್ಣು ನೀರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಕೆಳಗೆ ಬಿಡುವುದಿಲ್ಲ. ಬಸಿದು ಹೋಗಲು ದಾರಿ ಮಾಡದೆ ನೀರು ಬಿಟ್ಟರು. ತಗ್ಗಿನ ಹೊಲಗಳಲ್ಲಿ ನೀರು ಮೇಲಕ್ಕೆ ಬಂತು, ಅದರೊಂದಿಗೆ ಎಷ್ಟೋ ಸಾವಿರ ವರ್ಷಗಳಿಂದ ಕೆಳಗೆ ಮಲಗಿದ್ದ ಉಪ್ಪೂ ಎದ್ದು ಬಂತು. ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯಿತು. ಸವಳು, ಜವಳು ಎಂಬ ಎರಡು ಮಾತನ್ನು ಇಲ್ಲಿಯ ರೈತರು ಜೋಡಿಯಾಗಿಯೇ ಹೇಳುತ್ತಾರೆ. ಇಂಥ ಹೊಲಗಳಿಗೂ ನೀರಾವರಿಯ ಹೆಸರಿನಲ್ಲಿ ಅಭಿವೃದ್ಧಿ ಕರ ಕೇಳಿದಾಗ ಜನ ರೊಚ್ಚಿಗೆದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ನರಗುಂದದಲ್ಲಿ ವೀರಗಲ್ಲು ನಿಂತಿದೆ, ಪ್ರತಿವರ್ಷ ಆ ದಿನ ಅಲ್ಲಿ ಹೂವು ಬೀಳುತ್ತದೆ. ನಾನು ಪ್ರತಿದಿನ ಜೀಪಿನಲ್ಲಿ ಆ ಊರು ದಾಟುತ್ತಿದ್ದೆ.

ಅಲ್ಲೊಬ್ಬ ಮುದುಕ ರೈತ ನನಗೆ ಮಣ್ಣು ನೆಕ್ಕಿ ನೋಡುವುದನ್ನು ಕಲಿಸಿದರು. ಹೊಲದ ನಾಲ್ಕು ಮೂಲೆಯಿಂದ ಚಿಟಿಕೆ ಚಿಟಿಕೆ ಮಣ್ಣು ತೆಗೆದು ನಾಲಿಗೆಯ ತುದಿಗಿಟ್ಟು, ‘ಇದು ಬರೇ ಉಪ್ಪು, ನೀರಿಗೆ ತೊಳೀತೈತಿ. ಇದು ಮಾತ್ರ ಸೌಳ, ಸಾಬೂನ ಆದಂಗ ಜಾರತೈತಿ, ಇದು ಹಗರ ಹೋಗೂದಲ್ಲ’ ಎನ್ನುತ್ತಿದ್ದರು. ಪ್ರಯೋಗಾಲಯಕ್ಕೆ ಕಳಿಸಿದ ಮಾದರಿಗಳು ಅವರ ನಾಲಿಗೆಯನ್ನು ಒಂದು ಸಲವೂ ಸುಳ್ಳು ಮಾಡಲಿಲ್ಲ. ಆ ಜಾರುವ ಮಣ್ಣಿನಲ್ಲಿ ಸೋಡಿಯಂ ಸೇರಿಕೊಂಡಿರುತ್ತದೆ. ಜೇಡಿಯ ಕಣಗಳು ಬಿಡಿಬಿಡಿಯಾಗಿ ರಂಧ್ರ ಮುಚ್ಚುತ್ತವೆ, ಬೇರಿಗೆ ಗಾಳಿಯೂ ಇಲ್ಲ ನೀರೂ ಇಲ್ಲ. ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗಕ್ಕೆ ಬರುತ್ತದೆ. ರೋಣದಲ್ಲಿ ಕುಡಿಯುವ ನೀರಿನಿಂದ ಕಳೆದುಹೋಗಿದ್ದ ಅದೇ ಕ್ಯಾಲ್ಸಿಯಂ ಇಲ್ಲಿ ಚೀಲದಲ್ಲಿ ತಂದು ಸುರಿಯಬೇಕಾಗಿತ್ತು. ಆದರೆ ಜಿಪ್ಸಂ ಒಂದರಿಂದ ಆಗದು. ಬಿಡುಗಡೆಯಾದ ಸೋಡಿಯಂ ತೊಳೆದು ಹೋಗಬೇಕು. ಅದಕ್ಕೆ ಹೊಲದ ಅಡಿಯಲ್ಲಿ ತೂತಿನ ಕೊಳವೆ ಹೂತು ಬಸಿಗಾಲುವೆ ಮಾಡಬೇಕು.

ಮಾಡಿದೆವು. ಎರಡು ಹಂಗಾಮಿನಲ್ಲಿ ಬೆಳ್ಳಗಿದ್ದ ಹೊಲ ಕಪ್ಪಾಯಿತು. ಡಯಾಂಚ ಬೆಳೆದು ಮಣ್ಣಿಗೆ ಮುರಿದರು, ಮೂರನೆಯ ವರ್ಷ ಗೋದಿ ಬಂತು. ಫೋಟೋ ತೆಗೆಸಿ ವರದಿಗೆ ಅಂಟಿಸಿದೆ. ಹೊಲ ನೋಡಲು ಮೇಲಧಿಕಾರಿಗಳು ಬಂದ ದಿನ ಆ ಮುದುಕ ನನ್ನನ್ನು ಬದಿಗೆ ಕರೆದು, ಬಸಿಗಾಲುವೆಯ ಬಾಯಿಗೆ ಒಯ್ದು ನಿಲ್ಲಿಸಿದರು. ಕೊಳವೆಯಿಂದ ಹೊಗರು ಬಣ್ಣದ ನೀರು ಸಣ್ಣಗೆ ಹಳ್ಳಕ್ಕೆ ಬೀಳುತ್ತಿತ್ತು. ಬೀಳುವಲ್ಲಿ ಕಲ್ಲಿನ ಮೇಲೆ ಬಿಳಿ ಪದರ. ‘ನನ್ನ ಹೊಲ ಹಸನ ಆತು. ಈ ಹಳ್ಳದ ಕೆಳಗಿನ್ನಾವ ಈ ನೀರ ಎತ್ತಿ ಮೆಣಸಿನಗಿಡಕ್ಕ ಬಿಡ್ತಾನ. ಅವಗ ಏನ್ ಹೇಳೂಣು?’ ಎಂದರು. ಅದು ದೂರಲ್ಲ. ನಿಜವಾಗಿಯೂ ಏನು ಹೇಳಬೇಕೆಂದು ನನ್ನನ್ನು ಕೇಳುತ್ತಿದ್ದರು. ‘ಹಳ್ಳದಾಗ ನೀರ ಭಾಳ ಇರ್ತೈತ್ರಿ, ತೆಳ್ಳಗಾಗ್ತೈತಿ’ ಎಂದೆ. ಮಳೆಗಾಲದಲ್ಲಿ ಅದು ನಿಜ. ಮಾರ್ಚಿನಲ್ಲಿ ಹಳ್ಳದಲ್ಲಿ ಇರುವುದು ಈ ಬಸಿನೀರೇ. ನನಗದು ಗೊತ್ತಿತ್ತು.

ಅಲ್ಲಿಂದ ನನ್ನ ಕೆಲಸದ ಬಗ್ಗೆ ಒಂದು ಅನುಮಾನ ಹುಟ್ಟಿತು, ಅದು ಈಗ ಖಾತ್ರಿಯಾಗಿದೆ. ಶುದ್ಧ ಮಾಡುತ್ತೇನೆ ಅನ್ನುತ್ತ ನಾನು ಹೊಲಸನ್ನು ಜಾಗ ಬದಲಿಸುತ್ತಿದ್ದೆ. ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ. ಬದಲಿಸುವ ಮೊದಲು ಆ ಇನ್ನೊಬ್ಬರನ್ನು ಕೇಳುತ್ತಿರಲಿಲ್ಲ.

ಗಜೇಂದ್ರಗಡದ ಕಡೆ ಒಂದು ಊರಿನಲ್ಲಿ ಬಾವಿಯ ನೀರು ಎಣ್ಣೆ ನಾರುತ್ತದೆಂದು ದೂರು ಬಂತು. ಸಮೀಪದಲ್ಲಿ ನೆಲದೊಳಗೆ ಹೂತ ಒಂದು ಹಳೆಯ ಇಂಧನ ಟ್ಯಾಂಕು ಸೋರಿತ್ತು. ಟ್ಯಾಂಕು ತೆಗೆಸಿದೆವು, ಸುತ್ತಲಿನ ಮಣ್ಣು ಅಗೆಸಿದೆವು. ಹಿಡಿಯಷ್ಟು ಮಣ್ಣು ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆ ಮಣ್ಣನ್ನು ಹರವಿ, ಗಾಳಿಯಾಡಿಸಿ, ಗೊಬ್ಬರ ಬೆರೆಸಿ, ಹಸಿ ಇಟ್ಟು ತಿಂಗಳುಗಟ್ಟಲೆ ತಿರುವಿ ಹಾಕಿದರೆ ಮಣ್ಣಿನ ಸೂಕ್ಷ್ಮಜೀವಿಗಳೇ ಎಣ್ಣೆಯನ್ನು ತಿಂದು ಕರಗಿಸುತ್ತವೆ. ಅದಕ್ಕೆ ಜಾಗ ಬೇಕು, ಕಾವಲು ಬೇಕು, ತಾಳ್ಮೆ ಬೇಕು. ನಾವು ಟ್ರ್ಯಾಕ್ಟರಿಗೆ ತುಂಬಿ ಊರ ಹೊರಗಿನ ಕೊರಕಲಿನಲ್ಲಿ ಸುರಿದೆವು. ಬಾವಿಯ ವಾಸನೆ ಎರಡು ಮಳೆಗೆ ಹೋಯಿತು. ಕೊರಕಲಿನ ಕೆಳಗೆ ಯಾರ ಬಾವಿ ಇತ್ತೆಂದು ನೋಡಲು ನಾನು ಹೋಗಲಿಲ್ಲ.

ನರಗುಂದಕ್ಕೆ ಮತ್ತೊಮ್ಮೆ ಬರುತ್ತೇನೆ. ಅಲ್ಲಿಯ ಹಳೆಯ ಮನೆಗಳ ಅಡಿಯಲ್ಲಿ, ಓಣಿಗಳ ಅಡಿಯಲ್ಲಿ ಹಗೇವುಗಳಿವೆ. ಬಾಯಿ ಚಿಕ್ಕದು, ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಕೊಟ್ಟು ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಳ ಕಾಲ ಕಾಳು ಕೆಡದೆ ಇರುತ್ತಿತ್ತು. ಒಳಗೆ ಅಷ್ಟು ಒಣನೆಲ. ಕಾಲುವೆ ಬಂದ ಮೇಲೆ ತೇವ ಏರಿತು, ಕಾಳು ಮುಗ್ಗಿತು, ಜನ ಹಗೇವು ಬಿಟ್ಟರು. ಮುಚ್ಚಿದ ಬಾಯಿ ಎಲ್ಲಿತ್ತೆಂಬುದೂ ಮರೆತುಹೋಯಿತು, ಮೇಲೆ ಹೊಸ ಗೋಡೆ ಎದ್ದವು. 2019ರ ಆಚೀಚೆ ಊರಿನಲ್ಲಿ ನೆಲ ಕುಸಿಯತೊಡಗಿತು. ಪಡಸಾಲೆಯಲ್ಲಿ, ಅಡುಗೆಮನೆಯಲ್ಲಿ, ರಸ್ತೆಯ ನಡುವೆ ಇದ್ದಕ್ಕಿದ್ದಂತೆ ಗುಂಡಿ. ಆಗ ನಾನು ನಿವೃತ್ತನಾಗಿದ್ದೆ. ಪರಿಚಯದವರೊಬ್ಬರು ಕರೆದರೆಂದು ಹೋದೆ. ಒಲೆಯಿಂದ ಮೂರು ಮಾರು ದೂರ ಕಡಪಾ ಕಲ್ಲು ಒಳಗೆ ಹೋಗಿತ್ತು. ಬ್ಯಾಟರಿ ಬಿಟ್ಟು ಬಗ್ಗಿ ನೋಡಿದೆ. ದುಂಡನೆಯ ಗೋಡೆಯ ಮೇಲೆ ಕೆತ್ತಿದವರ ಸಲಿಕೆಯ ಗುರುತು ಹಾಗೆಯೇ ಇತ್ತು. ತಳದಲ್ಲಿ ನೀರು, ಅದರ ಮೇಲೆ ನನ್ನ ಬ್ಯಾಟರಿಯ ಬೆಳಕು ಅಲುಗುತ್ತಿತ್ತು.

ಆ ತಾಲೂಕಿನ ಬಾವಿಗಳ ನೀರಿನ ಮಟ್ಟವನ್ನು ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಅಳೆದು ಬರೆದಿಟ್ಟವರಲ್ಲಿ ನಾನೂ ಒಬ್ಬ. ವರ್ಷ ವರ್ಷ ನೀರು ಮೇಲೆ ಬರುತ್ತಿತ್ತು. ರಾಜ್ಯದ ಬೇರೆ ಕಡೆಯೆಲ್ಲ ಇಳಿಯುವಾಗ ಇಲ್ಲಿ ಏರುತ್ತಿದೆ ಎಂದು ಸಂತೋಷದಿಂದಲೇ ಬರೆದಿದ್ದೆ. ಏರಿದ ನೀರು ಯಾರ ಮನೆಯ ಅಡಿಗೆ ಬರುತ್ತದೆಂದು ಯೋಚಿಸಲಿಲ್ಲ. ಹಗೇವಿನ ಕತೆಗಳನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದವನು ನಾನು. ಆದರೂ ನನ್ನ ನಕ್ಷೆಯಲ್ಲಿ ಅವಕ್ಕೆ ಜಾಗವಿರಲಿಲ್ಲ.

ಇನ್ನು ಶುದ್ಧ ನೀರಿನ ಘಟಕಗಳು. ಗದಗ ಜಿಲ್ಲೆಯ ಹಳ್ಳಿಗಳು ಇವನ್ನು ರಾಜ್ಯದ ಬೇರೆ ಭಾಗಗಳಿಗಿಂತ ಮೊದಲೇ ಕಂಡವು. 2013ರ ನಂತರ, ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ, ಅವು ಊರೂರಿಗೆ ಬಂದವು. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಇವು ಬರಬೇಕಾಗಿತ್ತು, ಬಂದದ್ದು ಒಳ್ಳೆಯದಾಯಿತು. ಇದರಲ್ಲಿ ನನಗೆ ಎರಡು ಮಾತಿಲ್ಲ. ಈಗಿನ ಮಕ್ಕಳ ಹಲ್ಲು ಬೆಳ್ಳಗಿರುವುದನ್ನು ನಾನು ಶಾಲೆಯ ಮುಂದೆ ನಿಂತು ನೋಡಿದ್ದೇನೆ.

ಆದರೆ ಲೆಕ್ಕ ಹಾಕಿ. 1000 ಲೀಟರ್ ಬೋರಿನ ನೀರು ಒಳಗೆ ಹೋಗುತ್ತದೆ. ಲೀಟರಿಗೆ 3 ಮಿಲಿಗ್ರಾಂ ಎಂದರೆ ಒಟ್ಟು 3 ಗ್ರಾಂ ಫ್ಲೋರೈಡ್. ಹೆಚ್ಚುಕಡಿಮೆ ಅರ್ಧ ನೀರು ಸಿಹಿಯಾಗಿ ಕ್ಯಾನಿಗೆ ಬರುತ್ತದೆ, ಉಳಿದರ್ಧ ಹಿಂದಿನ ಕೊಳವೆಯಿಂದ ಹೊರಗೆ ಹೋಗುತ್ತದೆ. ಆ 3 ಗ್ರಾಂ ಬಹುತೇಕ ಅದರಲ್ಲೇ ಇರುತ್ತದೆ. ಅಂದರೆ ಹಿಂದೆ ಬೀಳುವ ನೀರಿನಲ್ಲಿ ಲೀಟರಿಗೆ ಸುಮಾರು 6 ಮಿಲಿಗ್ರಾಂ, ಜೊತೆಗೆ ಉಪ್ಪು, ನೈಟ್ರೇಟು ಎಲ್ಲವೂ ದುಪ್ಪಟ್ಟು. ಒಂದು ಗ್ರಾಮಿನಷ್ಟೂ ಈ ಊರಿನಿಂದ ಹೋಗಲಿಲ್ಲ. ಗಟಾರಕ್ಕೆ, ಗಟಾರದಿಂದ ತಗ್ಗಿಗೆ, ತಗ್ಗಿನಿಂದ ನೆಲಕ್ಕೆ. ಒಂದು ಘಟಕದ ಹಿಂದೆ ಆ ನೀರು ನಿಂತ ಹೊಂಡದಲ್ಲಿ ಎಮ್ಮೆಗಳು ಕುಡಿಯುತ್ತಿದ್ದವು. ಮಗುವೊಂದನ್ನು ಅದರಲ್ಲಿ ತೊಳೆಯುತ್ತಿದ್ದರು. ತಪಾಸಣೆಯ ಫಾರ್ಮಿನಲ್ಲಿ ‘ತ್ಯಾಜ್ಯ ನೀರಿನ ವಿಲೇವಾರಿ’ ಎಂಬ ಒಂದು ಕಾಲಂ ಇತ್ತು. ‘ವ್ಯವಸ್ಥೆ ಇದೆ’ ಎಂದು ಬರೆದೆ. ಗಟಾರವೂ ಒಂದು ವ್ಯವಸ್ಥೆ ಎಂಬ ಅರ್ಥದಲ್ಲಿ ಬರೆದೆ. ಎಷ್ಟು ಫಾರ್ಮುಗಳಿಗೆ ಹಾಗೆ ಬರೆದೆನೆಂದು ಲೆಕ್ಕ ಇಟ್ಟಿಲ್ಲ.

ಇದನ್ನು ಬಿಟ್ಟು ಬೇರೆ ದಾರಿ ಇತ್ತೇ? ಇತ್ತು, ಇದೆ. ಗಜೇಂದ್ರಗಡದ ಬೆಟ್ಟ ಹತ್ತಿ ಕಾಲಕಾಲೇಶ್ವರನ ಗುಡಿಗೆ ಹೋದವರು ಅಲ್ಲಿಯ ಅಂತರಗಂಗೆ ನೋಡಿರುತ್ತಾರೆ. ಬೇಸಿಗೆಯಲ್ಲೂ ಬಂಡೆಯಿಂದ ಜಿನುಗುವ ನೀರು. ಮೇಲೆ ಬಿದ್ದ ಮಳೆ ಮರಳುಗಲ್ಲಿನ ಬಿರುಕಿನಲ್ಲಿ ಇಳಿದು ಹೊರಗೆ ಬರುತ್ತದೆ, ಆಳದ ಕಲ್ಲಿನ ಜೊತೆ ಬಹುಕಾಲ ಕೂರುವುದಿಲ್ಲ. ಹಳಬರು ಎರಿ ಊರುಗಳಲ್ಲಿ ಸಿಹಿನೀರಿನ ಕೆರೆ ಕಟ್ಟಿದ್ದೂ ಇದೇ ತಿಳಿವಳಿಕೆಯಿಂದ: ಮಳೆಯ ನೀರನ್ನು ಕಲ್ಲು ಮುಟ್ಟುವ ಮೊದಲು ಹಿಡಿ. ಮಾಳಿಗೆಯ ನೀರು ಹಿಡಿದು, ಕೆರೆಯ ಹೂಳು ತೆಗೆದು, ಸೋಸಿ, ಕ್ಲೋರಿನ್ ಹಾಕಿ ಕೊಟ್ಟಿದ್ದರೆ ನಾರುಹುಣ್ಣೂ ಇರುತ್ತಿರಲಿಲ್ಲ, ಫ್ಲೋರೈಡೂ ಇರುತ್ತಿರಲಿಲ್ಲ. ಈಗ ಮಲಪ್ರಭೆ, ತುಂಗಭದ್ರೆಯ ನೀರು ಕೊಳವೆಯಲ್ಲಿ ಊರುಗಳಿಗೆ ಬರುತ್ತಿದೆ. ಅದು ಬಾರದ ದಿನ ಮತ್ತೆ ಬೋರು. ನಾನು ನೌಕರಿಗೆ ಸೇರಿದಾಗ 200 ಅಡಿ ಕೊರೆಯುತ್ತಿದ್ದೆವು, ಈಗ 600 ಅಡಿಗೂ ಇಳಿಯುತ್ತಾರೆ. ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಬಾಳಿದ ನೀರು.

ಅಮೆರಿಕದಲ್ಲಿ ಲವ್ ಕೆನಾಲ್ ಎಂಬಲ್ಲಿ ಹೂತಿಟ್ಟ ರಾಸಾಯನಿಕಗಳು ಮನೆಗಳಿಗೆ ಬಂದ ಮೇಲೆ 1980ರಲ್ಲಿ ಅವರು ಕಾನೂನು ಮಾಡಿದರು: ಕೆಡಿಸಿದವನು ತೊಳೆಯುವ ಖರ್ಚು ಕೊಡಬೇಕು. ನಮ್ಮಲ್ಲೂ ಕಲುಷಿತ ತಾಣಗಳ ನಿರ್ವಹಣೆಗೆ 2025ರಲ್ಲಿ ಕೇಂದ್ರದ ನಿಯಮ ಬಂದಿದೆ. ಒಳ್ಳೆಯದೇ. ಆದರೆ ರೋಣದ ಆ ಬೋರಿಂಗಿಗೆ ಕೆಡಿಸಿದವನು ಯಾರು? ಫ್ಲೋರೈಡನ್ನು ಅಲ್ಲಿಟ್ಟದ್ದು ಕಲ್ಲು. ಅದನ್ನು ಮೇಲೆ ತಂದು ಮಕ್ಕಳ ಕೈಗೆ ಕೊಟ್ಟದ್ದು ನನ್ನ ಸುಣ್ಣದ ಗುರುತು. ಮೇಲೆ ತಂದದ್ದು ತಿಳಿಯದೆ. ಹನ್ನೊಂದು ವರ್ಷ ಮೇಲೇ ಬಿಟ್ಟದ್ದು ತಿಳಿದು.

ಎರಡು ವರ್ಷದ ಹಿಂದೆ ಆ ಊರಿಗೆ ಹೋದೆ. ಟಾವೆಲ್ ಹೊದಿಸಿದ ಅಜ್ಜ ಇಲ್ಲ. ಬೇವಿನ ಗಿಡ ಇದೆ, ಕೈಪಂಪಿನ ಕಟ್ಟೆ ಇದೆ, ಪಂಪು ಇಲ್ಲ. ಅಂಗನವಾಡಿಯ ಹತ್ತಿರ ನಾಲ್ಕೈದು ಹೆಂಗಸರು ನೀರು ಪರೀಕ್ಷೆ ಮಾಡುತ್ತಿದ್ದರು. ಜಲಜೀವನ ಮಿಷನ್ನಿನಲ್ಲಿ ಪ್ರತಿ ಊರಿಗೆ ಐದು ಜನ ಹೆಂಗಸರಿಗೆ ಪೆಟ್ಟಿಗೆ ಕೊಟ್ಟು ಕಲಿಸುತ್ತಾರೆ. ಅದೇ ಗಾಜಿನ ಕೊಳವೆ, ಅದೇ ಗುಲಾಬಿ ಹನಿ. ಅವರಲ್ಲೊಬ್ಬಾಕೆಗೆ ಸುಮಾರು ನಲವತ್ತು ವಯಸ್ಸು. ನಗುವಾಗ ಸೆರಗು ಬಾಯಿಗೆ ಹೋಗುತ್ತಿತ್ತು. ಆ ಕೈ ಯೋಚಿಸಿ ಹೋಗುತ್ತಿರಲಿಲ್ಲ, ರೂಢಿಯಿಂದ ತಾನಾಗಿ ಹೋಗುತ್ತಿತ್ತು. 1991ರಲ್ಲಿ ಗುಡಿಯ ಕಟ್ಟೆಯ ಸುತ್ತ ನಿಂತ ಮಕ್ಕಳಲ್ಲಿ ಆಕೆ ಇದ್ದಳೋ ಇಲ್ಲವೋ ತಿಳಿಯದು. ಇದ್ದಿರಬಹುದಾದ ವಯಸ್ಸು.

ನಾನು ಯಾರೆಂದು ಹೇಳಿದೆ. ಆ ದಿನ ಏನು ನೋಡಿದೆ, ಅಜ್ಜನಿಗೆ ಏನೆಂದೆ ಎಂಬುದನ್ನೂ ಹೇಳಿದೆ. ಅವರೆಲ್ಲ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆಕೆ, ‘ಆವಾಗ ಬ್ಯಾರೆ ನೀರ ಎಲ್ಲಿತ್ರಿ ನಮಗ? ಹೇಳಿದ್ರೂ ಅದನ್ನ ಕುಡೀತಿದ್ವಿ’ ಎಂದಳು. ಕೊಳವೆಯನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿದಳು, ವಹಿಯಲ್ಲಿ ಅಂಕಿ ಬರೆದಳು. ಬರೆದು ಮುಗಿಸಿ ನನ್ನ ಕಡೆ ತಿರುಗಿ, ‘ಸಣ್ಣ ಹುಡುಗರಿಗಷ್ಟ ಕೆರಿ ನೀರ ಕಾಸಿ ಕೊಡ್ತಿದ್ವಿ. ಹೇಳಬೇಕಿತ್ರಿ’ ಎಂದಳು.

ನನ್ನ ಬಳಿ ಕ್ಷಮೆಯ ಮಾತು ತಯಾರಿತ್ತು. ಬಾಯಿಂದ ಬರಲಿಲ್ಲ. ಬಂದಿದ್ದರೂ ಅದರಿಂದ ಆಕೆಗೆ ಆಗುವುದೇನಿರಲಿಲ್ಲ.

ಕಚೇರಿಯ ಕಡತಗಳು ಕಚೇರಿಯಲ್ಲಿವೆ. ಆದರೆ ಊರೂರು ತಿರುಗುವಾಗ ನಾನು ಬರೆದಿಟ್ಟುಕೊಂಡ ನಾಲ್ಕು ಹಸಿರು ರಟ್ಟಿನ ನೋಟ್‌ಬುಕ್ಕುಗಳು ಮನೆಯಲ್ಲಿವೆ. ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಊರು, ಬೋರಿನ ಜಾಗ, ಆಳ, ಫ್ಲೋರೈಡ್, ನೈಟ್ರೇಟು, ಉಪ್ಪು, ತಾರೀಖು ಎಲ್ಲ ಅದರಲ್ಲಿದೆ. ಅವುಗಳ ಪ್ರತಿ ಮಾಡಿಸಿ ಕೇಳಿದ ಪಂಚಾಯತಿಗಳಿಗೆ ಕೊಡುತ್ತಿದ್ದೇನೆ. ಈ ತನಕ ಕೇಳಿದವು ಮೂರು. ನೀವು ಈ ಕಡೆಯವರಾಗಿದ್ದರೆ ನಿಮ್ಮ ಪಂಚಾಯತಿಗೆ ಹೋಗಿ ನಿಮ್ಮ ನೀರಿನ ಅಂಕಿ ಕೇಳಿರಿ. ಘಟಕದ ಹಿಂದಿನ ಕೊಳವೆಯ ನೀರು ಎಲ್ಲಿಗೆ ಹೋಗುತ್ತದೆಂದು ಅದರ ಜೊತೆಗೇ ನಡೆದು ನೋಡಿರಿ. ‘ಚಲೋ ಐತ್ರಿ’ ಎಂದು ಯಾರಾದರೂ ಹೇಳಿದರೆ, ಎಷ್ಟು ಎಂದು ಕೇಳಿರಿ.